ಡ್ರಮ್ಸ್ ಬಾರಿಸಿದವನ ಹೆಸರು

ಮಣಿಕಟ್ಟಿಗೆ ಕಾಗದದ ಪಟ್ಟಿ ಸುತ್ತಿ ಒಳಗೆ ಬಿಡುವ ಜಾಗಗಳಿಗೆ ನಾನು ಹೋಗುವುದು ಕಮ್ಮಿ. ಆಸ್ಪತ್ರೆ ಬಿಟ್ಟರೆ ಅಂಥ ಪಟ್ಟಿ ಕಟ್ಟಿಸಿಕೊಂಡಿದ್ದು ಇದೇ ಮೊದಲು. ಟೀಮಿನ ನಾಲ್ಕು ಜನ ಸೇರಿ ಟಿಕೆಟ್ ಬುಕ್ ಮಾಡಿದ್ದರು. ತಲೆಗೆ 999 ರೂಪಾಯಿ, ಬುಕಿಂಗ್ ಫೀ ಬೇರೆ. "ಬಾರೋ, ನಿಮ್ಮ ಕಡೆ ಹಾಡು ಹಾಡ್ತಾರೆ" ಅಂತ ಎಳೆದುಕೊಂಡು ಹೋದರು. ಬೆಂಗಳೂರಿನವರಿಗೆ ತುಮಕೂರು ದಾಟಿದ್ದೆಲ್ಲ 'ನಿಮ್ಮ ಕಡೆ'. ಹಾವೇರಿ ಜಿಲ್ಲೆಯ ಶಿಶುನಾಳಕ್ಕೂ ನಮ್ಮ ಸುರಪುರಕ್ಕೂ ಎಷ್ಟು ದೂರ ಅಂತ ಬಿಡಿಸಿ ಹೇಳುತ್ತಾ ಕೂತರೆ ಶೋ ಮುಗಿದಿರುತ್ತದೆ.

ಶೋ ರಘು ದೀಕ್ಷಿತ್ ಪ್ರಾಜೆಕ್ಟ್‌ನದು. ವೈಟ್‌ಫೀಲ್ಡ್ ಕಡೆಯ ಒಂದು ಬಯಲಲ್ಲಿ. ಗೇಟಿನ ಹತ್ತಿರವೇ ಜಾತ್ರೆಯ ನೂಕುನುಗ್ಗಲು. ಹಿಂದಿನವನೊಬ್ಬ ಬೆನ್ನಿಗೆ ಬಿದ್ದಾಗ ನನಗೆ ಗೊತ್ತಿಲ್ಲದಂಗೆ ಬಾಯಿಂದ "ಯಾಕ ನೂಕ್ತಿ, ಸಾವಕಾಶ ಹೋಗೋ ಮಾರಾಯ" ಅಂತ ಬಂದುಬಿಟ್ಟಿತು. ಬ್ಯಾಗು ತಪಾಸಣೆ ಮಾಡುತ್ತಿದ್ದ ಸೆಕ್ಯುರಿಟಿ ಹುಡುಗ ಥಟ್ಟನೆ ತಲೆ ಎತ್ತಿದ.

"ಸಾರ್, ಯಾದಗಿರಿ ಕಡೆಯವ್ರೇನ್ರಿ?"

"ಹೂಂ, ಅದೇ ಕಡೆ."

"ನಮ್ದು ಶಹಾಪುರ ಬಲ್ಲಿ ರೀ. ನಿಮ್ದು ಯಾವೂರು? ಯಾರ ಪೈಕಿ ಆಗ್ತೀರಿ?"

ಪಾಪ, ಅವನು ಕೇಳಿದ್ದು ಪ್ರೀತಿಯಿಂದಲೇ. ಮನೆಯಿಂದ ಇಷ್ಟು ದೂರ ಬಂದು, ರಾತ್ರಿಯೆಲ್ಲ ನಿಂತು ಬ್ಯಾಗು ತಡವುವವನಿಗೆ ಊರ ಕಡೆಯ ಮಾತು ಕಿವಿಗೆ ಬಿದ್ದರೆ ಎಷ್ಟು ಖುಷಿಯಾಗುತ್ತದೆ ಅಂತ ನನಗೆ ಗೊತ್ತಿಲ್ಲವೇ? ಆದರೆ 'ಯಾರ ಪೈಕಿ' ಅನ್ನೋದು ನಮ್ಮ ಕಡೆ ಬರೀ ಹೆಸರು ಕೇಳುವ ಪ್ರಶ್ನೆ ಅಲ್ಲ. ಅಪ್ಪನ ಹೆಸರು ಹೇಳಿದರೆ ಕೇರಿ ಗೊತ್ತಾಗುತ್ತದೆ, ಕೇರಿ ಗೊತ್ತಾದರೆ ಉಳಿದದ್ದೆಲ್ಲ ಗೊತ್ತಾಗುತ್ತದೆ. "ಟೈಮ್ ಆಯ್ತಪಾ" ಅಂತ ವಾಚ್ ನೋಡಿಕೊಂಡು ಒಳಗೆ ಹೋದೆ. ಇಷ್ಟು ವರ್ಷದಲ್ಲಿ ಈ ಪ್ರಶ್ನೆಗೆ ನಾನು ಕಲಿತ ಉತ್ತರ ವಾಚ್ ನೋಡಿಕೊಳ್ಳುವುದು.

ಒಳಗೆ ಕಾಲಿಡಲು ಜಾಗ ಇಲ್ಲ. ಬಿಯರ್ ಕೌಂಟರಿನ ಕ್ಯೂ ಒಂದು ಕಡೆ, ಶೌಚಾಲಯದ ಕ್ಯೂ ಇನ್ನೊಂದು ಕಡೆ, ಎರಡೂ ನಡುವೆ ಎಲ್ಲೋ ಸೇರಿಕೊಂಡು ಯಾರು ಯಾವುದಕ್ಕೆ ನಿಂತಿದ್ದಾರೆ ಅಂತ ಅವರಿಗೇ ಗೊತ್ತಿಲ್ಲ. ಇಂಡೀ ಅಂದರೆ ಏನು ಅಂತ ಪಕ್ಕದ ಹುಡುಗನನ್ನು ಕೇಳಿದೆ. ಸಿನಿಮಾದ ಹಂಗಿಲ್ಲದೆ ತಮ್ಮ ಹಾಡು ತಾವೇ ಕಟ್ಟಿ ಹಾಡುವವರು ಅಂದ. ಹಂಗಾದರೆ ನಮ್ಮೂರಿನ ಭಜನಿ ಮೇಳದವರು, ಮೊಹರಂ ಪದ ಕಟ್ಟುವವರು ಎಲ್ಲ ಇಂಡೀಗಳೇ ಅಂದುಕೊಂಡೆ. ಅವನಿಗೆ ಹೇಳಲಿಲ್ಲ.

ರಘು ದೀಕ್ಷಿತ್ ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ, ಗಿಟಾರ್ ಹಿಡಿದು ಬಂದರು. ಎರಡು ಮೂರು ಹಾಡಿನವರೆಗೆ ನಾನು ಕೈಕಟ್ಟಿಕೊಂಡೇ ನಿಂತಿದ್ದೆ. ಆಮೇಲೆ ಶರೀಫರ ಗುಡುಗುಡಿ ಪದ ಶುರುವಾಯಿತು, 2008ರಲ್ಲಿ ಬಂದ ಇವರ ಮೊದಲ ಆಲ್ಬಮ್ಮಿನಲ್ಲಿ ಇರುವಂಥದ್ದು. ಕನ್ನಡ ಬಾರದ ಹುಡುಗ ಹುಡುಗಿಯರೂ ಪಲ್ಲವಿಗೆ ಸರಿಯಾಗಿ ಗಂಟಲು ಹರಿದುಕೊಂಡು ಹಾರುತ್ತಿದ್ದರು. ಸ್ಪೀಕರಿನ ಗುದ್ದು ಕಿವಿಗಿಂತ ಮೊದಲು ಎದೆಗೆ ಬರುತ್ತಿತ್ತು. 1819ರಲ್ಲಿ ಹುಟ್ಟಿದ, ಗೋವಿಂದ ಭಟ್ಟರ ಶಿಷ್ಯನಾದ ಒಬ್ಬ ಸಾಬರ ಮಾಸ್ತರ ಕಟ್ಟಿದ ಪದಕ್ಕೆ ಇಷ್ಟು ಜನ ಬೆವರು ಸುರಿಸುತ್ತಿದ್ದಾರಲ್ಲ ಅಂತ ಖುಷಿಯಾಯಿತು, ಸುಳ್ಳು ಹೇಳಲಾರೆ.

ಶರೀಫರು ಮೊಹರಂಗೆ ಅಂತಲೇ ರಿವಾಯತ್ ಪದಗಳನ್ನೂ ಬರೆದಿದ್ದಾರೆ. ಆ ನೆನಪಿಗೋ ಏನೋ, ನನ್ನ ಕಾಲು ಹಾರುವುದನ್ನು ಬಿಟ್ಟು ಬೇರೇನೋ ಮಾಡತೊಡಗಿತು. ಎರಡು ಹೆಜ್ಜೆ ಮುಂದೆ, ಒಂದು ಹಿಂದೆ, ಸೊಂಟ ಬಾಗಿಸಿ ಪಕ್ಕಕ್ಕೆ. ಅಲಾಯಿ ಹೆಜ್ಜೆ. ಪಕ್ಕದವರಿಗೆ ಎರಡು ಸಲ ಡಿಕ್ಕಿ ಹೊಡೆದೆ. ಎಲ್ಲರೂ ಸ್ಟೇಜಿಗೆ ಮುಖ ಮಾಡಿ ನಿಂತಲ್ಲೇ ಮೇಲೆ ಕೆಳಗೆ ಹಾರುವಲ್ಲಿ ಒಬ್ಬನೇ ಅಡ್ಡಡ್ಡ ಹೋದರೆ ಇನ್ನೇನಾಗುತ್ತದೆ? ಅಲಾಯಿ ಕುಣಿತಕ್ಕೆ ಸ್ಟೇಜ್ ಇಲ್ಲ. ಮಸೂತಿ ಮುಂದೆ ಒಂದು ಕುಣಿ ತೋಡಿ ಅದರಲ್ಲಿ ಕಟಿಗಿ ಹಾಕಿ ಬೆಂಕಿ ಮಾಡಿರುತ್ತಾರೆ. ಅದರ ಸುತ್ತ ಕುಣಿಯುವುದು. ಎದುರಿಗಿನವನ ಮುಖ ಬೆಂಕಿಯಾಚೆ ಕಾಣುತ್ತಿರುತ್ತದೆ. ಮುಸಲ್ಮಾನರ ಒಂದು ಮನೆಯೂ ಇಲ್ಲದ ಹಳ್ಳಿಗಳಲ್ಲೂ ನಮ್ಮ ಕಡೆ ಪಂಜಾ ಕೂಡಿಸುತ್ತಾರೆ, ಹರಕೆ ಹೊತ್ತವರು ಲಾಡಿ ಹಾಕಿಕೊಂಡು ಫಕೀರರಾಗುತ್ತಾರೆ, ಮನೆಮನೆಯಲ್ಲಿ ಚೊಂಗೆ ಮಾಡುತ್ತಾರೆ. ಕಂಪನಿಯಲ್ಲಿ ರಜೆ ಕೊಡೋದು ಹತ್ತನೇ ದಿನಕ್ಕೆ. ಅಸಲಿ ಹಬ್ಬ ಇರೋದು ಹಿಂದಿನ ಕತಲ್ ರಾತ್ರಿ ಅಂತ ಎಚ್‌ಆರ್‌ಗೆ ಹೇಳೋರು ಯಾರು!

ಎಲ್ಲರೂ ಕುಣಿಯುತ್ತಾರೆ ಅಂದೆನಲ್ಲ, ಹಲಗಿ ಬಾರಿಸುವವರನ್ನು ಬಿಟ್ಟು. ಅವರು ಸುತ್ತಿನ ಹೊರಗೆ. ನಮ್ಮದು ಮಾದಿಗರ ಕೇರಿ. ನಮ್ಮಪ್ಪ ಹಲಗಿ ಬಾರಿಸುತ್ತಿದ್ದ. ಎಡಗೈಯಲ್ಲಿ ಸಣ್ಣ ಕಡ್ಡಿ, ಬಲಗೈಯಲ್ಲಿ ದಪ್ಪ ಕಡ್ಡಿ, ಹಲಗಿ ಎದೆಗೆ ಆನಿಸಿ ನಿಂತರೆ ಬೆಳಗಿನವರೆಗೆ.

ಶೋ ಮುಗಿಯುವ ಮುಂಚೆ ಹಾಡು ನಿಲ್ಲಿಸದೆಯೇ ರಘು ದೀಕ್ಷಿತ್ ಮೇಳದ ಒಬ್ಬೊಬ್ಬರ ಹೆಸರು ಕೂಗಿ ಹೇಳಿದರು. ಡ್ರಮ್ಸ್ ಸರದಿ ಬಂದಾಗ ಉಳಿದವರು ಸುಮ್ಮನಾದರು. ಆ ಹುಡುಗ ಒಬ್ಬನೇ ಒಂದು ನಿಮಿಷ ಬಾರಿಸಿದ. ಅವನ ಹೆಸರಿಗೆ ಇಡೀ ಬಯಲು ಕೇಕೆ ಹಾಕಿತು. ನಾನೂ ಹಾಕಿದೆ. ಹಾಕಿದವನಿಗೆ ಮುಂದೆ ಗಂಟಲು ಹೊರಡಲಿಲ್ಲ.

2009ರಲ್ಲಿ ಮೊಹರಂ ಎರಡು ಸಲ ಬಂದಿತ್ತು, ಜನವರಿಯಲ್ಲೊಮ್ಮೆ, ಡಿಸೆಂಬರ್ ಕೊನೆಗೊಮ್ಮೆ. ಚಂದ್ರಮಾನದ ವರ್ಷ ಹನ್ನೊಂದು ದಿನ ಕಮ್ಮಿ ಇರುವುದಕ್ಕೆ ಹಂಗಾಗುತ್ತದೆ. ಡಿಸೆಂಬರಿನ ಅದೇ ವಾರ, 30ನೇ ತಾರೀಖು, ಕಲಬುರಗಿಯಿಂದ ಬೇರೆಯಾಗಿ ಯಾದಗಿರಿ ಜಿಲ್ಲೆಯಾಯಿತು. ಆಗಿನ್ನೂ ಗುಲ್ಬರ್ಗ ಅನ್ನುತ್ತಿದ್ದೆವು. ನಾನು ಅಲ್ಲಿ ಬಿಇ ಓದುತ್ತಿದ್ದೆ. ಕ್ಲಾಸ್‌ಮೇಟ್ ಒಬ್ಬ ಕತಲ್ ರಾತ್ರಿಗೆ ಅಂತ ನಮ್ಮ ಐದಾರು ಜನರನ್ನು ತನ್ನ ಊರಿಗೆ ಕರೆದ. ಸುರಪುರ ತಾಲೂಕಿನದೇ ದೊಡ್ಡ ಊರು, ನಮ್ಮೂರಿಂದ ಎಂಟು ಹತ್ತು ಮೈಲಿ. ಸ್ಕಾಲರ್‌ಶಿಪ್ ದುಡ್ಡಲ್ಲಿ ಕೊಂಡ ಹೊಸ ಬಿಳಿ ಬೂಟು ಹಾಕಿಕೊಂಡು ಹೋಗಿದ್ದೆ.

ಆ ಊರಿನವರು ಹೆಚ್ಚಿಗೆ ಹಲಗಿ ಬೇಕು ಅಂತ ಅಪ್ಪನ ಮೇಳಕ್ಕೆ ವೀಳ್ಯ ಕೊಟ್ಟಿದ್ದರು. ನನಗೆ ಗೊತ್ತಿರಲಿಲ್ಲ.

ಚಳಿ ಇತ್ತು, ಮಂಜು ಸುರಿಯುತ್ತಿತ್ತು. ಮಂಜು ಬಿದ್ದರೆ ಹಲಗಿಯ ಚರ್ಮ ಸಡಿಲಾಗಿ ಧ್ವನಿ ಕೂರುತ್ತದೆ, ಮತ್ತೆ ಮತ್ತೆ ಕಾಸಬೇಕು. ಅಪ್ಪ ಜೋಳದ ಕಣಿಕಿಯ ಉರಿ ಮುಂದೆ ಕುಕ್ಕರಗಾಲಲ್ಲಿ ಕೂತು ಹಲಗಿ ತಿರುವುತ್ತಿದ್ದ. ಎದ್ದು ನಿಂತು, ಬೆರಳಿಂದ ಒಮ್ಮೆ ತಟ್ಟಿ ನೋಡಿ, ತಲೆ ಎತ್ತಿದಾಗ ಎದುರಿಗೆ ನಾನು. ಅವನ ಮುಖದಲ್ಲಿ ನಗು ಬರಲಿಕ್ಕೆ ಶುರುವಾಗಿದ್ದನ್ನು ನಾನು ನೋಡಿದೆ. ನೋಡಿ, ಮುಖ ತಿರುಗಿಸಿದೆ.

"ಏ, ಆ ತಲಿಗೆ ಟವಲ್ ಸುತ್ಯಾನಲ್ಲ, ಭಾರೀ ಬಾರಸ್ತಾನಲೇ, ಯಾರವ?" ಅಂತ ಗೆಳೆಯ ಕೇಳಿದ.

"ಗೊತ್ತಿಲ್ಲ" ಅಂದೆ.

ಇಷ್ಟೇ. ಬೈಗುಳ ಇಲ್ಲ, ಜಗಳ ಇಲ್ಲ. ಬೆಳಗಿನವರೆಗೆ ಅಪ್ಪ ನಾನಿರುವ ಕಡೆ ತಿರುಗಲಿಲ್ಲ. ನಾನು ಸುತ್ತಿನಲ್ಲಿ ಸೇರಿ ಕುಣಿದೆ, ಅಪ್ಪನ ಹಲಗಿಗೇ. ಬೆಳಿಗ್ಗೆ ಅವನಿಗೆ ಮುನ್ನೂರು ರೂಪಾಯಿ ಕೊಟ್ಟು, ಊಟ ಕಟ್ಟಿ ಕಳಿಸಿದರಂತೆ. ಆಮೇಲೆ ಊರಿಗೆ ಹೋದಾಗ ಅವನು ಆ ಮಾತು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಬೆಂಗಳೂರಲ್ಲಿ ಕೆಲಸ ಸಿಕ್ಕಿತು, ಊರಲ್ಲಿ ಮನೆ ಕಟ್ಟಿಸಿದೆ, ಪ್ರತಿ ತಿಂಗಳು ದುಡ್ಡು ಹಾಕುತ್ತೇನೆ. ಅದೆಲ್ಲ ಬೇರೆ ಲೆಕ್ಕ.

ಹತ್ತು ಗಂಟೆಗೆ ಸರಿಯಾಗಿ ಸೌಂಡ್ ಬಂದ್ ಮಾಡಿದರು. ಬಯಲಲ್ಲಿ ಅದರಾಚೆ ಮೈಕು ಹಾಕಲು ಬಿಡುವುದಿಲ್ಲ. ನಮ್ಮಲ್ಲಾದರೆ ಹತ್ತಕ್ಕೆ ಇನ್ನೂ ಹಲಗಿ ಕಾಸುತ್ತಿರುತ್ತಾರೆ. ಟೀಮಿನವರು ಊಟಕ್ಕೆ ಕೋರಮಂಗಲಕ್ಕೆ ಹೊರಟರು. ನಾನು ತಲೆನೋವು ಅಂತ ಹೇಳಿ ಹಿಂದೆ ಉಳಿದೆ. ಪಾರ್ಕಿಂಗಿನ ಮೂಲೆಯಲ್ಲಿ ಜನರೇಟರ್ ಪಕ್ಕ ನಿಂತು ಫೋನ್ ಹಚ್ಚಿದೆ. ಒಂಬತ್ತಕ್ಕೇ ಮಲಗುವ ಮನುಷ್ಯ, ಗಾಬರಿಯಾಗಿ ಎದ್ದ.

"ಯಾಕಪ್ಪಾ, ಏನಾಯ್ತು? ಆರಾಮ ಅದಿಯಿಲ್ಲೋ?"

"ಆರಾಮ ಅದೀನಿ. ಸುಮ್ನೆ ಮಾಡ್ದೆ. ಹಾಡಿನ ಪ್ರೋಗ್ರಾಮಿಗೆ ಬಂದಿದ್ದೆ. ಅಪ್ಪಾ, ನಾ ಓದುವಾಗ ಒಮ್ಮೆ ಅಲಾಯಿಗೆ ದೋಸ್ತರ ಜೋಡಿ ಬಂದಿದ್ನೆಲ್ಲ..."

ಆ ಕಡೆ ಫ್ಯಾನಿನ ಸದ್ದು ಮಾತ್ರ. ಮುಂದೇನು ಹೇಳಬೇಕೋ ನನಗೂ ತಿಳಿಯಲಿಲ್ಲ. ಇಷ್ಟು ವರ್ಷ ತಲೆಯಲ್ಲಿ ಮಾಡಿಟ್ಟುಕೊಂಡ ಮಾತುಗಳೆಲ್ಲ ಸಿನಿಮಾ ಡೈಲಾಗಿನ ಥರ ಕಂಡವು.

"ಹೂಂ, ನೋಡಿದ್ನೆಲ್ಲ. ಬೆಳ್ಳನ ಬೂಟ್ ಹಾಕ್ಕೊಂಡಿದ್ದಿ" ಅಂದ ಅಪ್ಪ. ಸ್ವಲ್ಪ ಹೊತ್ತು ಬಿಟ್ಟು, "ಅವತ್ತ್ ಭಾಳ ಮಂಜ್ ಬಿದ್ದಿತ್ತು. ಎಷ್ಟ್ ಕಾಸಿದ್ರೂ ಹಲಗಿ ಏಳವಲ್ದು. ನೀ ಬಂದ ದಿನಾನೇ ಛಲೋ ಬಾರಸಾಕ ಆಗ್ಲಿಲ್ಲ ನೋಡು."

ನನಗೆ ಮಾತಾಡಲಿಕ್ಕೆ ಆಗಲಿಲ್ಲ. ಫೋನ್ ಕಿವಿಗೆ ಒತ್ತಿಕೊಂಡು ನಿಂತೆ. ಲೈನ್ ಕಟ್ಟಾಯಿತು ಅಂದುಕೊಂಡು ಅಪ್ಪ "ಹಲೋ, ಹಲೋ" ಅಂತ ಕೂಗಿದ. ಇದ್ದೀನಿ ಅಂದೆ. ಬ್ಯಾರೆ ಏನಾದರೂ ಹೇಳಬೇಕಲ್ಲ, ಡ್ರಮ್ಸ್ ಬಾರಿಸಿದ ಹುಡುಗನ ವಿಷಯ ತೆಗೆದೆ. ಒಬ್ಬನೇ ನಾಲ್ಕೈದು ವಾದ್ಯ ಮುಂದಿಟ್ಟುಕೊಂಡು ಕೂತು, ಕೈ ಕಾಲು ಎರಡರಲ್ಲೂ ಬಾರಿಸುತ್ತಾನೆ ಅಂದೆ. ಅಪ್ಪನ ನಿದ್ದೆ ಹಾರಿಹೋಯಿತು.

"ಕಾಸೋದಿಲ್ಲೇನು ಅವ್ನು?"

"ಇಲ್ಲ, ಅದು ಚರ್ಮ ಅಲ್ಲ, ಪ್ಲಾಸ್ಟಿಕ್. ಸುತ್ತ ತಿರುಪಿರ್ತಾವ, ಅವನ್ನ ತಿರುವಿ ಬಿಗಿ ಮಾಡ್ತಾರ."

"ಈಗ ಇಲ್ಲೂ ಹುಡುಗ್ರು ಪ್ಲಾಸ್ಟಿಕ್ಕಿಂದೇ ತಂದಾರ. ಕೇಳಾಕ ಡಬ್ಬಿ ಬಡ್ದಂಗ ಆಗ್ತದ" ಅಂತ ನಕ್ಕ. ಆ ಹುಡುಗ ಎಡಗೈಯಲ್ಲಿ ಎಂಥ ಕಡ್ಡಿ ಹಿಡಿಯುತ್ತಾನೆ, ಕೂತು ಬಾರಿಸಿದರೆ ಸೊಂಟ ಹಿಡಿಯುವುದಿಲ್ಲೇನು, ಬೇರೆ ದಿನ ಏನು ಕೆಲಸ ಮಾಡುತ್ತಾನೆ, ಎಲ್ಲ ಕೇಳಿದ. ಅದೇ ಅವನ ಕೆಲಸ, ದೇಶ ವಿದೇಶ ತಿರುಗುತ್ತಾರೆ, ಸ್ಟೇಜ್ ಮೇಲೆ ಅವನ ಹೆಸರು ಕೂಗಿದರೆ ಮಂದಿ ಹುಚ್ಚೆದ್ದು ಕೇಕೆ ಹಾಕುತ್ತಾರೆ ಅಂದೆ.

"ಹೌದಾ? ಹೆಸ್ರು ಹೇಳ್ತಾರ?" ಅಂದ ಅಪ್ಪ. "ಏನಂತ ಅವ್ನ ಹೆಸ್ರು?"

ನಾನು ಬಾಯಿ ತೆರೆದೆ. ಅರ್ಧ ತಾಸಿನ ಹಿಂದೆ ಗಂಟಲು ಹರಿಯುವಂಗೆ ಕೂಗಿದ ಹೆಸರು. ಎಷ್ಟು ಹುಡುಕಿದರೂ ನೆನಪಿಗೆ ಬರಲಿಲ್ಲ.