ಸೆರೆಮನೆಯ ಶುಶ್ರೂಷಕಿ



ರೋಗಿಯನ್ನು ಕಂಡು ಮರುಗುವವರು ಅನೇಕರು. ವೈದ್ಯರನ್ನು ಕಂಡು ಕೈಮುಗಿಯುವವರೂ ಅನೇಕರು. ಇವರಿಬ್ಬರ ನಡುವೆ ಹಗಲಿರುಳೆನ್ನದೆ ಓಡಾಡುವ ದಾದಿಯ ಯೋಗಕ್ಷೇಮವನ್ನು ವಿಚಾರಿಸುವವರು ಮಾತ್ರ ವಿರಳ. ಆ ದಾದಿ ಸೆರೆಮನೆಯ ಗೋಡೆಯೊಳಗೆ ದುಡಿಯುವವಳಾದರಂತೂ ಅವಳ ವಿಚಾರ ಯಾರ ಕಿವಿಗೂ ಬೀಳುವುದಿಲ್ಲ. ಸೆರೆಯಾಳುಗಳನ್ನು ಮರೆತ ಲೋಕವು ಅವರ ಶುಶ್ರೂಷೆಗೆ ನಿಂತವಳನ್ನೂ ಜೊತೆಯಲ್ಲಿಯೇ ಮರೆತುಬಿಡುತ್ತದೆ. ನನ್ನ ಮನೆಯ ಹೆಣ್ಣುಮಗಳೊಬ್ಬಳ ಅನುಭವದಿಂದ ನನಗೆ ತಿಳಿದುಬಂದ ಕೆಲವು ಸಂಗತಿಗಳನ್ನು ತಮ್ಮ ಮುಂದಿಡುವುದೇ ಈ ಬರಹದ ಉದ್ದೇಶ.

ನಾನು ಮಳವಳ್ಳಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಹುಟ್ಟಿದವಳು. 1979ರಲ್ಲಿ ಸರ್ಕಾರಿ ಶುಶ್ರೂಷಕಿಯಾಗಿ ಕೆಲಸಕ್ಕೆ ಸೇರಿ, ಮಳವಳ್ಳಿ, ಮದ್ದೂರು, ಮಂಡ್ಯಗಳಲ್ಲಿ 38 ವರ್ಷ ದುಡಿದು, 2017ರಲ್ಲಿ ನಿವೃತ್ತಳಾಗಿ ಈಗ ಮದ್ದೂರಿನಲ್ಲಿ ನೆಲೆಸಿದ್ದೇನೆ. ನಾವು ಸೇರಿದ ಕಾಲದಲ್ಲಿ ಗಾಜಿನ ಪಿಚಕಾರಿಗಳಿದ್ದವು. ಅವುಗಳನ್ನೂ ಸೂಜಿಗಳನ್ನೂ ಕುದಿಯುವ ನೀರಿನಲ್ಲಿ ಬೇಯಿಸಿ ಮತ್ತೆ ಮತ್ತೆ ಬಳಸುತ್ತಿದ್ದೆವು. ಸೂಜಿ ಕೈಗೆ ಚುಚ್ಚಿದರೆ ಸ್ಪಿರಿಟ್ ಒರೆಸಿಕೊಂಡು ಮುಂದಿನ ಹಾಸಿಗೆಗೆ ಹೋಗುತ್ತಿದ್ದೆವು. ಅದು ಧೈರ್ಯವೆಂದು ಆಗ ನಾನು ಭಾವಿಸಿದ್ದೆ. ಅದು ಧೈರ್ಯವಲ್ಲ, ಅಜ್ಞಾನವೆಂಬುದು ಅರಿವಾಗಲು ಬಹಳ ಕಾಲ ಹಿಡಿಯಿತು.

ನನ್ನ ತಂಗಿಯ ಮಗಳು ಶುಶ್ರೂಷಾ ಶಿಕ್ಷಣ ಮುಗಿಸಿದಾಗ ನಮ್ಮೆಲ್ಲರಿಗೂ ಹಿಗ್ಗು. ಅವಳ ತಂದೆ ನಾಲೆಯ ನೀರನ್ನು ನಂಬಿ ಕಬ್ಬು ಬೆಳೆಯುವವರು. ಮಗಳ ಓದಿಗೆಂದು ಮಾಡಿದ ಸಾಲ ಇನ್ನೂ ತೀರಿರಲಿಲ್ಲ. ಆದಕಾರಣ ಹೊರ ಜಿಲ್ಲೆಯ ಸೆರೆಮನೆಯೊಂದರ ಆಸ್ಪತ್ರೆಯಲ್ಲಿ ಗುತ್ತಿಗೆಯ ಮೇಲೆ ಕೆಲಸ ದೊರೆತಾಗ ಬೇಡವೆನ್ನುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ಆ ಸೆರೆಮನೆಯ ಹೆಸರು ಇಲ್ಲಿ ಅನಾವಶ್ಯಕ. “ಜೈಲಿಗೆ ಹೆಣ್ಣುಮಗಳನ್ನು ಕಳಿಸುವುದೇ?” ಎಂದು ಅವಳ ಅಜ್ಜಿ ಮಾತ್ರ ಕಣ್ಣೀರು ತಂದುಕೊಂಡರು. ನಾನು ಅವರಿಗೆ ಶಿವಪುರದ ಮಾತನ್ನು ಜ್ಞಾಪಿಸಿದೆ. 1938ರ ಏಪ್ರಿಲ್ ತಿಂಗಳಿನಲ್ಲಿ ನಮ್ಮ ಮದ್ದೂರಿನ ಪಕ್ಕದ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆದಾಗ ಟಿ. ಸಿದ್ದಲಿಂಗಯ್ಯನವರೇ ಮೊದಲಾಗಿ ಎಷ್ಟೋ ಮಂದಿ ಬಂಧನಕ್ಕೊಳಗಾದರು. ಅಂದು ಸೆರೆಮನೆಗೆ ಹೋದವರನ್ನು ಈ ಸೀಮೆಯ ಜನ ತಲೆಯ ಮೇಲೆ ಹೊತ್ತು ಮೆರೆದರು. ಸೆರೆಮನೆಯೊಳಗಿರುವವರೆಲ್ಲರೂ ಪಾಪಿಗಳಲ್ಲ, ಅಲ್ಲಿಯೂ ಜ್ವರ ಬರುತ್ತದೆ, ಅಲ್ಲಿಯೂ ಔಷಧ ಕೊಡುವ ಕೈ ಬೇಕು ಎಂದೆ. ಅಜ್ಜಿ ಸುಮ್ಮನಾದರು. ಆ ಮಾತು ಸುಳ್ಳಲ್ಲ. ಆದರೆ ಅದು ಅರ್ಧ ಸತ್ಯವೆಂದು ಮೂರು ತಿಂಗಳಲ್ಲಿಯೇ ನನಗೆ ಮನವರಿಕೆಯಾಯಿತು.

ಒಂದು ಮುಂಜಾನೆ ಎಂಟೂವರೆಯ ಸುಮಾರಿಗೆ ಆ ಹುಡುಗಿ ಮುನ್ಸೂಚನೆಯಿಲ್ಲದೆ ನಮ್ಮ ಮನೆಯ ಬಾಗಿಲಿಗೆ ಬಂದು ನಿಂತಳು. ರಾತ್ರಿಯೆಲ್ಲ ನಿದ್ದೆಯಿಲ್ಲದ ಮುಖ. ಕಾಫಿಯನ್ನೂ ಮುಟ್ಟದೆ, “ದೊಡ್ಡಮ್ಮ, ಒಂದು ಮಾತು ಹೇಳ್ತೀನಿ, ಅಪ್ಪನಿಗೆ ಹೇಳಬೇಡಿ,” ಎಂದು ಎಡಗೈಯ ಹೆಬ್ಬೆರಳನ್ನು ಮುಂದೆ ಚಾಚಿದಳು. ಕಣ್ಣಿಗೆ ಕಾಣದಷ್ಟು ಚಿಕ್ಕ ಗಾಯ.

ನಡೆದದ್ದು ಇಷ್ಟು. ಹಿಂದಿನ ದಿನ ಸಂಜೆ ನಾಲ್ಕು ಗಂಟೆಗೆ ಅವಳೊಬ್ಬಳೇ ಕೆಲಸದಲ್ಲಿದ್ದಳು. ವೈದ್ಯಾಧಿಕಾರಿಗಳು ಬೆಳಿಗ್ಗೆ ಬಂದು ಹೋಗಿದ್ದರು. ಕಾವಲಿಗಿದ್ದವನು ಒಬ್ಬನೇ ವಾರ್ಡರು. ಅವನೂ ಎರಡು ಕೊಠಡಿಗಳಾಚೆಯ ಗೇಟಿನ ಬಳಿಯಿದ್ದನು. ಔಷಧಕ್ಕಾಗಿ ಸಾಲು ನಿಂತಿದ್ದವರಲ್ಲಿ ಒಬ್ಬನು ನಿದ್ರೆಯ ಮಾತ್ರೆ ಇನ್ನೊಂದು ಬೇಕೆಂದು ಪಟ್ಟುಹಿಡಿದನು. ಚೀಟಿಯಲ್ಲಿ ಬರೆದಷ್ಟೇ ಕೊಡಲು ಸಾಧ್ಯವೆಂದು ಇವಳು ಹೇಳಿದಳು. ಹಿಂದಿನವನು ಅವನನ್ನು ನೂಕಿದನು. ಇಬ್ಬರೂ ಕೈಕೈ ಮಿಲಾಯಿಸಿದರು. ಆಗ ತಾನೇ ಮತ್ತೊಬ್ಬನಿಗೆ ಚುಚ್ಚುಮದ್ದು ಕೊಟ್ಟು ಸೂಜಿಯನ್ನು ಕೈಯಲ್ಲಿ ಹಿಡಿದಿದ್ದ ಇವಳ ಮೊಣಕೈಗೆ ಪೆಟ್ಟು ತಗುಲಿ ಸೂಜಿ ಹೆಬ್ಬೆರಳಿಗೆ ನಾಟಿತು. ಬಳಸಿದ ಸೂಜಿಯನ್ನು ಕೂಡಲೇ ಹಾಕಲು ಅಲ್ಲಿ ಪೆಟ್ಟಿಗೆಯಿರಲಿಲ್ಲ. ಮೂಲೆಯಲ್ಲಿ ನೀರಿನ ಖಾಲಿ ಬಾಟಲಿಯೊಂದಿತ್ತು. ಕೂಗಿದರೆ ಕೇಳುವವರಿಲ್ಲ, ಒತ್ತಲು ಗಂಟೆಯಿಲ್ಲ. ಕಡೆಗೆ ಜಗಳವಾಡುತ್ತಿದ್ದವರನ್ನು ಬಿಡಿಸಿ, “ಅಕ್ಕಾ, ನೀವು ಒಳಗೆ ಹೋಗಿ ಬಾಗಿಲು ಹಾಕ್ಕೊಳ್ಳಿ,” ಎಂದು ಅಡ್ಡ ನಿಂತವನು ಶಿಕ್ಷೆ ಅನುಭವಿಸುತ್ತಿದ್ದ ಒಬ್ಬ ವೃದ್ಧ ಸೆರೆಯಾಳು.

ಮೇಲಿನವರಿಗೆ ತಿಳಿಸಿದಾಗ ಬಂದ ಉತ್ತರ: “ಇದೆಲ್ಲ ಇಲ್ಲಿ ಇದ್ದದ್ದೇ. ಬರೆದು ಕೊಟ್ಟರೆ ನಿನಗೇ ತೊಂದರೆ. ಹೊಸಬಳು, ಗುತ್ತಿಗೆ ಬೇರೆ.” ಇನ್ನೊಬ್ಬರು, “ನರ್ಸಮ್ಮ, ಇದು ಸೇವೆ, ಕಾಯಕ ಅಂತ ತಿಳಿದು ಮಾಡಬೇಕು,” ಎಂದು ಉಪದೇಶಿಸಿದರಂತೆ.

ವಾಚಕರು ಕ್ಷಮಿಸಬೇಕು, ಆ ಕೊನೆಯ ಮಾತನ್ನು ಕೇಳಿ ನನಗೆ ಸಿಟ್ಟು ಬಂದಿತು. ದುಡಿಯುವವರಿಗೆ ಘನತೆಯನ್ನು ಕೊಡಲೆಂದು ಹುಟ್ಟಿದ ಮಾತನ್ನು ದುಡಿಯುವವರ ಬಾಯಿ ಮುಚ್ಚಿಸಲು ಬಳಸುವುದು ಎಲ್ಲಿಯ ನ್ಯಾಯ?

ಆದರೆ ಅದು ಸಿಟ್ಟಾಗುವ ಹೊತ್ತಾಗಿರಲಿಲ್ಲ. ಸೂಜಿ ಚುಚ್ಚಿ ಆಗಲೇ ಹದಿನಾರು ಗಂಟೆ ಕಳೆದಿತ್ತು. ಇಂತಹ ಪ್ರಸಂಗದಲ್ಲಿ ಏನು ಮಾಡಬೇಕೆಂಬುದನ್ನು ಪ್ರತಿಯೊಬ್ಬರೂ ತಿಳಿದಿರುವುದು ಒಳ್ಳೆಯದು. ಗಾಯವನ್ನು ಹಿಂಡಬಾರದು, ಬಾಯಿಗಿಟ್ಟು ಚೀಪಬಾರದು. ಸೋಪು ಮತ್ತು ಹರಿಯುವ ನೀರಿನಿಂದ ತೊಳೆಯಬೇಕು. ಎಚ್.ಐ.ವಿ. ತಡೆಯುವ ಮಾತ್ರೆಗಳನ್ನು ಸಾಧ್ಯವಾದರೆ ಎರಡು ಗಂಟೆಯೊಳಗೆ, ಏನೇ ಆದರೂ 72 ಗಂಟೆಯೊಳಗೆ ಆರಂಭಿಸಿ, 28 ದಿನ ತಪ್ಪದೆ ನುಂಗಬೇಕು. ಸೋಂಕಿರುವವರ ರಕ್ತ ತಗುಲಿದ ಸೂಜಿ ಚುಚ್ಚಿದಾಗ ಆ ರೋಗ ಅಂಟುವ ಸಂಭವ ಸಾವಿರಕ್ಕೆ ಮೂರರಷ್ಟು ಮಾತ್ರ. ಅದಕ್ಕಿಂತ ಹೆಚ್ಚಿನ ಭಯ ಕಾಮಾಲೆಯ ಒಂದು ಬಗೆಯಾದ ಹೆಪಟೈಟಿಸ್ ಬಿ ರೋಗದ್ದು. ಲಸಿಕೆ ಹಾಕಿಸಿಕೊಳ್ಳದವರಿಗೆ ಅದು ನೂರಕ್ಕೆ ಮೂವತ್ತರವರೆಗೂ ಅಂಟಬಹುದು. ಆದರೆ ಅದಕ್ಕೆ ಲಸಿಕೆಯಿದೆ. ಮೊದಲ ದಿನ, ಒಂದು ತಿಂಗಳು, ಆರು ತಿಂಗಳು ಎಂದು ಮೂರು ಸಲ ಹಾಕಿಸಿಕೊಂಡರೆ ಸಾಕು. ನಮ್ಮ ಹುಡುಗಿ ಓದುವಾಗ ಎರಡು ಸಲ ಹಾಕಿಸಿಕೊಂಡಿದ್ದಳು. ಪರೀಕ್ಷೆಯ ಗಡಿಬಿಡಿಯಲ್ಲಿ ಮೂರನೆಯದು ತಪ್ಪಿಹೋಗಿತ್ತು. ಕೆಲಸಕ್ಕೆ ಸೇರಿಸಿಕೊಂಡವರು ಆ ಮಾತನ್ನು ಕೇಳಿರಲೇ ಇಲ್ಲ.

ಮದ್ದೂರಿನಿಂದ ಮಂಡ್ಯಕ್ಕೆ ಬಸ್ಸಿನಲ್ಲಿ ಹೋಗುವಾಗ ಅವಳು ಕಿಟಕಿಯ ಹೊರಗೆ ಕಬ್ಬಿನ ಗದ್ದೆಗಳನ್ನೇ ನೋಡುತ್ತ ಕುಳಿತಿದ್ದಳು. ಮಧ್ಯಾಹ್ನದೊಳಗೆ ಮೊದಲ ಮಾತ್ರೆ ಹೊಟ್ಟೆಗೆ ಬಿದ್ದಿತು, ಲಸಿಕೆಯೂ ಆಯಿತು. ರಕ್ತಪರೀಕ್ಷೆಯನ್ನು ಅಂದು, ಆರು ವಾರಕ್ಕೆ, ಮೂರು ತಿಂಗಳಿಗೆ, ಆರು ತಿಂಗಳಿಗೆ ಮಾಡಿಸಬೇಕೆಂದು ವೈದ್ಯರು ಹೇಳಿದರು. ಆರು ತಿಂಗಳ ಆ ಕಾಯುವಿಕೆಯನ್ನು ಇಪ್ಪತ್ತಮೂರು ವರ್ಷದ ಮದುವೆಯಾಗದ ಹುಡುಗಿ ಹೇಗೆ ಹೊರುತ್ತಾಳೆಂಬುದನ್ನು ತಾವೇ ಊಹಿಸಿಕೊಳ್ಳಿ.

ಅಂದು ಸಂಜೆ ಅವಳ ತಂದೆಗೆ ವಿಷಯ ತಿಳಿಸಲೇಬೇಕಾಯಿತು. “ಆ ಕೆಲಸ ಬೇಡ, ಬಿಟ್ಟು ಬಾ ಮಗಳೇ. ಸಾಲ ಹೇಗೋ ತೀರುತ್ತೆ,” ಎಂದರು ಅವರು. ತಂದೆಯ ಬಾಯಲ್ಲಿ ಬರಬೇಕಾದ ಮಾತೇ ಅದು. ಅವಳು ಬಹಳ ಹೊತ್ತು ಸುಮ್ಮನಿದ್ದು, “ನಾನು ಬಿಟ್ಟು ಬಂದರೆ ಅದೇ ಬಾಟಲಿಯ ಪಕ್ಕದಲ್ಲಿ ಇನ್ನೊಬ್ಬಳು ನಿಲ್ಲುತ್ತಾಳೆ ಅಪ್ಪ,” ಎಂದಳು. ಅವಳಿಗಿಂತ ಮೂರು ಪಟ್ಟು ವಯಸ್ಸಾದ ನನಗೆ ಹೊಳೆಯದಿದ್ದ ಮಾತದು.

ಆ ರಾತ್ರಿ ನನ್ನ ಮನಸ್ಸಿಗೆ ಪದೇ ಪದೇ ಬಂದವರು ಅರುಣಾ ಶಾನಭಾಗ. ಉತ್ತರ ಕನ್ನಡ ಜಿಲ್ಲೆಯ ಹಳದೀಪುರದ ಆ ಕನ್ನಡತಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಶುಶ್ರೂಷಕಿಯಾಗಿದ್ದರು. 1973ರ ನವೆಂಬರ್ 27ರಂದು, ಕೆಲಸ ಮುಗಿಸಿ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಬದಲಿಸುತ್ತಿದ್ದಾಗ, ಅಲ್ಲಿಯೇ ಕೆಲಸಕ್ಕಿದ್ದ ಜಾಡಮಾಲಿಯೊಬ್ಬ ನಾಯಿಯ ಸರಪಳಿಯನ್ನು ಕೊರಳಿಗೆ ಬಿಗಿದು ಅವರ ಮೇಲೆ ಅತ್ಯಾಚಾರವೆಸಗಿದ. ಅಂದಿನಿಂದ 2015ರ ಮೇ 18ರಂದು ಕಣ್ಣುಮುಚ್ಚುವವರೆಗೆ, ನಲವತ್ತೊಂದು ವರ್ಷಕ್ಕೂ ಮೀರಿದ ಕಾಲ, ಅವರು ಅದೇ ಆಸ್ಪತ್ರೆಯ ಹಾಸಿಗೆಯಲ್ಲಿ ಜಡವಾಗಿ ಮಲಗಿದ್ದರು. ತಲೆಮಾರಿನಿಂದ ತಲೆಮಾರಿಗೆ ಅಲ್ಲಿನ ದಾದಿಯರೇ ಅವರನ್ನು ಮಗುವಿನಂತೆ ನೋಡಿಕೊಂಡರು. ಆ ಕೇಡನ್ನು ಮಾಡಿದವನು ಸೆರೆಯಾಳಲ್ಲ. ಅದು ನಡೆದದ್ದು ಸೆರೆಮನೆಯಲ್ಲೂ ಅಲ್ಲ. ಅಪಾಯವಿರುವುದು ಸೆರೆಯಾಳೆಂಬ ಹಣೆಪಟ್ಟಿಯಲ್ಲಲ್ಲ. ಹೆಣ್ಣುಮಗಳೊಬ್ಬಳನ್ನು ಕೂಗಿದರೂ ಕೇಳದ ಜಾಗದಲ್ಲಿ ಒಂಟಿಯಾಗಿ ನಿಲ್ಲಿಸುವ ವ್ಯವಸ್ಥೆಯಲ್ಲಿ. ನಮ್ಮ ಹುಡುಗಿಗೆ ಅಡ್ಡ ನಿಂತು ಕಾಪಾಡಿದವನು ಸೆರೆಯಾಳೇ ಅಲ್ಲವೇ?

ಅಲ್ಲಿ ನೂಕುನುಗ್ಗಲೇಕೆ ಎಂಬುದನ್ನೂ ಯೋಚಿಸಬೇಕು. ಸರ್ಕಾರದ ಲೆಕ್ಕದಂತೆಯೇ 2022ರ ಕೊನೆಯಲ್ಲಿ ಭಾರತದ ಸೆರೆಮನೆಗಳಲ್ಲಿ 5,73,220 ಮಂದಿಯಿದ್ದರು. ನೂರು ಮಂದಿಯ ಜಾಗದಲ್ಲಿ 131 ಮಂದಿ. ಅವರಲ್ಲಿ 4,34,302 ಮಂದಿ ಇನ್ನೂ ವಿಚಾರಣೆಯನ್ನು ಎದುರಿಸುತ್ತಿದ್ದವರು, ಅಪರಾಧ ರುಜುವಾತಾಗದವರು. ಇಕ್ಕಟ್ಟಿನಲ್ಲಿ ಕ್ಷಯದಂತಹ ರೋಗ ಬೇಗ ಹಬ್ಬುತ್ತದೆ. ತಾಳ್ಮೆ ಬೇಗ ಕೆಡುತ್ತದೆ. ಬಳಸಿದ ಸೂಜಿ ಬಾಟಲಿಯಲ್ಲಿ ಬಿದ್ದಿದ್ದರೆ ಅದು ದಾದಿಗಷ್ಟೇ ಅಲ್ಲ, ಸಾಲಿನಲ್ಲಿ ನಿಂತ ಪ್ರತಿಯೊಬ್ಬನಿಗೂ ಅಪಾಯವೇ.

ಕಾನೂನು ಸುಮ್ಮನಿದೆಯೇ? ಇಲ್ಲ. ಸಂಯುಕ್ತ ರಾಷ್ಟ್ರಗಳ ಮಹಾಸಭೆ 2015ರ ಡಿಸೆಂಬರ್‌ನಲ್ಲಿ ಒಪ್ಪಿದ, ಇಪ್ಪತ್ತೇಳು ವರ್ಷ ಸೆರೆಯಲ್ಲಿದ್ದ ನೆಲ್ಸನ್ ಮಂಡೇಲಾರ ಹೆಸರು ಹೊತ್ತ ನಿಯಮಗಳು, ಹೊರಗಿನ ಜನರಿಗೆ ದೊರೆಯುವ ಮಟ್ಟದ ಚಿಕಿತ್ಸೆಯೇ ಸೆರೆಯಾಳಿಗೂ ದೊರೆಯಬೇಕೆನ್ನುತ್ತವೆ. ಚಿಕಿತ್ಸೆಯ ತೀರ್ಮಾನವನ್ನು ವೈದ್ಯಕೀಯ ಸಿಬ್ಬಂದಿಯಲ್ಲದವರು ತಳ್ಳಿಹಾಕಬಾರದೆನ್ನುತ್ತವೆ. ನಮ್ಮ ದೇಶದ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ಸೂಜಿಗಳನ್ನು ಚುಚ್ಚಿದರೂ ತೂತಾಗದ ಬಿಳಿಯ ಪೆಟ್ಟಿಗೆಯಲ್ಲಿ ಹಾಕಬೇಕು, ಆ ತ್ಯಾಜ್ಯದ ನಡುವೆ ದುಡಿಯುವವರಿಗೆ ಹೆಪಟೈಟಿಸ್ ಬಿ ಮತ್ತು ಧನುರ್ವಾಯು ಲಸಿಕೆ ಹಾಕಿಸಬೇಕು, ಅವಘಡಗಳನ್ನು ದಾಖಲಿಸಬೇಕು. 2017ರ ಎಚ್.ಐ.ವಿ. ಮತ್ತು ಏಡ್ಸ್ ಕಾಯಿದೆಯು ಸೋಂಕು ತಗುಲುವ ಸಂಭವವಿರುವ ಕಡೆ ರಕ್ಷಣೆಯ ಸಾಧನ, ತರಬೇತಿ, ಚುಚ್ಚಿದ ನಂತರದ ಔಷಧ ಈ ಮೂರನ್ನೂ ಒದಗಿಸುವುದು ಸಂಸ್ಥೆಯ ಹೊಣೆಯೆಂದು ಸಾರುತ್ತದೆ. ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಲ್ಲೆಯನ್ನು ತಡೆಯಲು ಕರ್ನಾಟಕದಲ್ಲಿ 2009ರಿಂದಲೇ ಪ್ರತ್ಯೇಕ ಕಾಯಿದೆಯಿದ್ದು, ದಾದಿಯರೂ ಅದರ ಆಶ್ರಯದಲ್ಲಿದ್ದಾರೆ. ಕೊರತೆಯಿರುವುದು ಕಾನೂನಿನಲ್ಲಲ್ಲ, ಅದನ್ನು ಓದಿ ಹೇಳುವವರಲ್ಲಿ, ಬರೆದು ಕೇಳುವವರಲ್ಲಿ.

ಆದುದರಿಂದ ನಾವಿಬ್ಬರೂ ಕುಳಿತು ಬರೆದೆವು. ದೂರುವ ಮಾತು ಒಂದೂ ಇರಲಿಲ್ಲ. ಯಾವ ದಿನ, ಎಷ್ಟು ಗಂಟೆಗೆ, ಯಾವ ಕೊಠಡಿಯಲ್ಲಿ, ಏನು ನಡೆಯಿತು ಎಂಬುದು ಮೊದಲು; ಅನಂತರ ನಾಲ್ಕು ಬೇಡಿಕೆಗಳು. ಸೂಜಿ ಹಾಕುವ ಪೆಟ್ಟಿಗೆ, ಸಿಬ್ಬಂದಿಗೆಲ್ಲ ಲಸಿಕೆ, ಕೈಗೆಟುಕುವ ಕರೆಗಂಟೆ, ಔಷಧ ಕೊಡುವ ಹೊತ್ತಿನಲ್ಲಿ ಕಣ್ಣಳತೆಯಲ್ಲಿ ಒಬ್ಬ ವಾರ್ಡರು. ಎರಡು ಪ್ರತಿ ಮಾಡಿ, ಒಂದಕ್ಕೆ ಕಚೇರಿಯ ಮೊಹರು ಹಾಕಿಸಿಕೊಂಡು ಇಟ್ಟುಕೊಳ್ಳಲು ಹೇಳಿಕೊಟ್ಟೆ. ಬಾಯಿಮಾತು ಗಾಳಿಗೆ ಹೋಗುತ್ತದೆ, ಮೊಹರು ಬಿದ್ದ ಕಾಗದ ಕಡತದಲ್ಲಿ ಕುಳಿತು ಉತ್ತರ ಕೇಳುತ್ತದೆ. ಇದು ನನ್ನ 38 ವರ್ಷದ ಗಳಿಕೆ.

ಕಾಗದ ಕೊಟ್ಟ ಮೊದಲ ವಾರ ಅವಳೊಡನೆ ಅಲ್ಲಿ ಯಾರೂ ಸರಿಯಾಗಿ ಮಾತನಾಡಲಿಲ್ಲವಂತೆ. ಎರಡನೆಯ ವಾರ ವೈದ್ಯಾಧಿಕಾರಿಗಳು ಅದನ್ನು ಓದಿ, ತಾವೂ ಷರಾ ಬರೆದು ಮೇಲಕ್ಕೆ ಕಳುಹಿಸಿದರು. ಎರಡು ತಿಂಗಳಲ್ಲಿ ಬಿಳಿಯ ಪೆಟ್ಟಿಗೆ ಬಂದಿತು. ಲಸಿಕೆ ಹಾಕುವವರು ಬಂದಾಗ ಸಾಲಿನಲ್ಲಿ ಮೊದಲು ತೋಳು ಚಾಚಿದವನು ಅದೇ ವಾರ್ಡರು. ನೂರಾರು ಮಂದಿಗೆ ಒಬ್ಬನೇ ಕಾವಲು ನಿಲ್ಲುವ ಅವನ ಕಷ್ಟವನ್ನೂ ಯಾರೂ ಕೇಳಿರಲಿಲ್ಲ. ಗೋಡೆಗೆ ಕರೆಗಂಟೆಯೊಂದು ಬಿದ್ದಿತು. ನಾಲ್ಕನೆಯ ಬೇಡಿಕೆ ಇನ್ನೂ ಈಡೇರಿಲ್ಲ. ಸಿಬ್ಬಂದಿ ಇಲ್ಲವೆಂಬ ಉತ್ತರ ಬಂದಿದೆ. ಅವಳು ಮೂರು ತಿಂಗಳಿಗೊಮ್ಮೆ ಜ್ಞಾಪನಪತ್ರ ಬರೆಯುತ್ತಿದ್ದಾಳೆ.

ಆರನೆಯ ತಿಂಗಳ ರಕ್ತಪರೀಕ್ಷೆಯ ಫಲ ಬಂದ ದಿನ ನಾನೂ ಜೊತೆಯಲ್ಲಿದ್ದೆ. ಯಾವ ಸೋಂಕೂ ಇರಲಿಲ್ಲ. ಹೊರಗೆ ಬಂದು ಕಲ್ಲುಬೆಂಚಿನ ಮೇಲೆ ಕುಳಿತು ಅವಳು ಅತ್ತಳು, ನಾನೂ ಅತ್ತೆ. ಅನಂತರ ಮದ್ದೂರಿಗೆ ಬಂದು ಬಿಸಿ ವಡೆ ತಿಂದು, ಅವಳು ಮಳವಳ್ಳಿಯ ಬಸ್ಸು ಹತ್ತಿದಳು, ತಂದೆಗೆ ತಾನೇ ಹೇಳಬೇಕೆಂದು.

ಬಂಧುಗಳೇ, ತಮ್ಮ ಮನೆಗಳಲ್ಲಿಯೂ ಶುಶ್ರೂಷೆಯ ಕೆಲಸಕ್ಕೆ ಹೊರಟ ಹೆಣ್ಣುಮಕ್ಕಳಿರಬಹುದು. ಅವರಿಗೆ ಸೀರೆ ಕೊಡಿಸುವ ಮೊದಲು ಮೂರನೆಯ ಲಸಿಕೆ ಆಯಿತೇ ಎಂದು ಕೇಳಿರಿ. ಕೆಲಸ ಸಿಕ್ಕಿತೆಂದು ಹಿಗ್ಗುವಾಗ, ಅಲ್ಲಿ ರಾತ್ರಿ ಜೊತೆಗೆ ಯಾರಿರುತ್ತಾರೆಂದು ಕೇಳಿರಿ. ಸಂಸ್ಥೆಗಳನ್ನು ನಡೆಸುವವರು ತಮ್ಮಲ್ಲಿದ್ದರೆ, ಹೊಸಬಳೊಬ್ಬಳು ಬರೆದು ತಂದ ಕಾಗದವನ್ನು ಉದ್ಧಟತನವೆಂದು ತಿಳಿಯಬೇಡಿರಿ. ಪರರ ನೋವಿಗೆ ಕೈಯೊಡ್ಡುವವರ ಕೈಯನ್ನು ಕಾಯುವುದು ನಮ್ಮೆಲ್ಲರ ಹೊಣೆ. ಆ ಕೈಗೆ ಚುಚ್ಚಿದ ಸೂಜಿ ಅವಳೊಬ್ಬಳದೇ ನೋವೆಂದು ನಾವು ಬಗೆದಿರುವವರೆಗೆ, ಗೋಡೆಯ ಒಳಗಿರುವ ರೋಗಿಗೂ ಹೊರಗಿರುವ ನಮಗೂ ಕ್ಷೇಮವಿಲ್ಲ.