ಮುಚ್ಚಿದ ಲಕೋಟೆ

ಕೆಲವು ವರ್ಷಗಳ ಹಿಂದೆ ನಾನು ರಾಯಚೂರಿನ ಒಂದು ಹತ್ತಿಯ ಗಿರಣಿಯಲ್ಲಿ ಲೆಕ್ಕ ಬರೆಯುತ್ತಿದ್ದೆನು. ನನ್ನದು ದೇವದುರ್ಗದ ಕಡೆಯ ಹಳ್ಳಿ. ಅದೇ ಕೆಲಸಕ್ಕೆ ಮಾನ್ವಿಯಿಂದ ಸೋದರಿಯೊಬ್ಬಳು ದಿನವೂ ಬಸ್ಸಿನಲ್ಲಿ ಬರುತ್ತಿದ್ದಳು. ತಿಂಗಳ ಮೊದಲಲ್ಲಿ ಸಾಹುಕಾರರು ಒಬ್ಬೊಬ್ಬರನ್ನೇ ಕರೆದು, ಅಂಟಿಸಿದ ಲಕೋಟೆಯನ್ನು ಕೈಗಿತ್ತು, “ಇದು ನಮ್ಮಿಬ್ಬರಲ್ಲೇ ಇರಲಿ” ಎನ್ನುವರು. ಅದು ವಿಶ್ವಾಸದ ಗುರುತೆಂದು ನಾನು ಹಿಗ್ಗುತ್ತಿದ್ದೆನು.

ಸಂಬಳದ ಪುಸ್ತಕವು ಸಾಹುಕಾರರ ಬಳಿಯೇ ಇರುತ್ತಿದ್ದಿತು. ಒಂದು ದಿನ ಅದು ನನ್ನ ಕಣ್ಣಿಗೆ ಬಿದ್ದಿತು. ನಾನು ಬಂದು ಒಂದು ವರ್ಷ, ಆಕೆ ಬಂದು ಮೂರು. ಆದರೂ ಆಕೆಗೆ ನನಗಿಂತ 2,000 ರೂಪಾಯಿ ಕಡಿಮೆ! ಪುಸ್ತಕವನ್ನು ಮುಚ್ಚಿದೆನು, ಬಾಯನ್ನೂ ಮುಚ್ಚಿದೆನು. ಆಕೆಯೇ ಒಮ್ಮೆ, “ಅಣ್ಣಾರ, ನಿಮಗೂ ಇಷ್ಟೇ ಕೊಡ್ತಾರೇನ್ರಿ?” ಎಂದು ತನ್ನ ಸಂಬಳವನ್ನು ಹೇಳಿ ಕೇಳಿದಳು. “ಹೆಚ್ಚುಕಡಿಮಿ ಅಷ್ಟೇ ನೋಡವ್ವಾ” ಎಂದು ಸುಳ್ಳಾಡಿದೆನು. ಹೀಗೆಯೇ ಆರು ತಿಂಗಳು ಕಳೆದವು.

ಬೇಸಗೆಯಲ್ಲಿ ಊರಿಗೆ ಹೋದೆನು. 2005ರ ಉದ್ಯೋಗ ಖಾತರಿ ಕಾಯಿದೆಯು 2006ರಲ್ಲಿ ಮೊದಲು ಜಾರಿಗೆ ಬಂದ 200 ಜಿಲ್ಲೆಗಳಲ್ಲಿ ನಮ್ಮ ರಾಯಚೂರೂ ಒಂದು. ಅದರಲ್ಲಿ ಗಂಡಿಗೂ ಹೆಣ್ಣಿಗೂ ಕೂಲಿಯ ದರ ಒಂದೇ. ಹಾಜರಿಪಟ್ಟಿಯನ್ನು ಯಾರು ಬೇಕಾದರೂ ನೋಡಬಹುದಾಗಿದ್ದಿತು. ಕೆರೆಯ ಹೂಳೆತ್ತಿ ಬಂದ ನಮ್ಮ ಅತ್ತಿಗೆಯು ತನ್ನ ಕೂಲಿಯೆಷ್ಟು, ನೆರೆಮನೆಯವನದೆಷ್ಟು ಎಂಬುದನ್ನು ರೊಟ್ಟಿ ಬಡಿಯುತ್ತಲೇ ಹೇಳಿದಳು. ಓದು ಬಾರದ ಅತ್ತಿಗೆಗೆ ತಿಳಿದಿದ್ದುದು, ಲೆಕ್ಕವನ್ನೇ ಬರೆಯುವ ಆ ಸೋದರಿಗೆ ತಿಳಿಯದು!

ಸಂಬಳ ಬಯಲಾದರೆ ಹೊಟ್ಟೆಕಿಚ್ಚು ಹುಟ್ಟದೇ ಎಂದು ವಾಚಕರು ಕೇಳಬಹುದು. ಸರಕಾರಿ ನೌಕರರ ವೇತನವನ್ನು ಪ್ರಕಟಿಸಬೇಕೆಂದು 2005ರ ಮಾಹಿತಿ ಹಕ್ಕಿನ ಕಾಯಿದೆಯು ವಿಧಿಸಿತು. ಅದರಿಂದ ಕಚೇರಿಗಳೇನೂ ಮುಳುಗಲಿಲ್ಲ. ಗೃಹಿಣಿಯು ಸಾಸಿವೆಯ ಡಬ್ಬಿಯಲ್ಲಿ ನಾಲ್ಕು ಕಾಸು ಅಡಗಿಸುವುದು ಮನೆಯ ಕಷ್ಟಕಾಲಕ್ಕಾಗಿ. ತನ್ನ ಗಳಿಕೆಯನ್ನು ಹೇಳುವುದೂ ಬಿಡುವುದೂ ಅವರವರ ಇಷ್ಟ. ಆದರೆ ಕೊಡುವವರೇ “ಹೇಳಬೇಡ” ಎಂದು ಕಟ್ಟುಮಾಡಿದರೆ, ಆ ಗುಟ್ಟಿನ ಲಾಭ ಯಾರಿಗೆ? ಒಂದೇ ಕೆಲಸಕ್ಕೆ ಹೆಣ್ಣಿಗೂ ಗಂಡಿನಷ್ಟೇ ವೇತನವೆಂದು 1976ರಲ್ಲಿಯೇ ಕಾಯಿದೆಯಾಯಿತು. ಪಕ್ಕದವನ ವೇತನವೇ ತಿಳಿಯದವಳು ಅದನ್ನು ಕೇಳುವುದೆಂತು?

ಹಿಂದಿರುಗಿದವನೇ ಆಕೆಗೆ ನನ್ನ ಸಂಬಳವನ್ನು ಹೇಳಿದೆನು. ಆಕೆ ಬಹಳ ಹೊತ್ತು ಸುಮ್ಮನಿದ್ದು, “ಅವತ್ತೇ ಹೇಳಿದ್ರ ಚೊಲೋ ಆಗ್ತಿತ್ತು, ಅಣ್ಣಾರ” ಎಂದಳು. ತಾನೇ ಹೋಗಿ ಸಾಹುಕಾರರನ್ನು ಕೇಳಿದಳು. ಮುಂದಿನ ತಿಂಗಳಿಂದ 1,500 ರೂಪಾಯಿ ಹೆಚ್ಚಿತು, ಹಿಂದಿನದು ಬರಲಿಲ್ಲ. ಆ ನಷ್ಟದಲ್ಲಿ ಆರು ತಿಂಗಳ ಪಾಲು ನನ್ನ ಮೌನದ್ದು.