ಬಾಯಿಬಿಟ್ಟು ಕೇಳುವುದು

“ಏನಾದರೂ ಬೇಕಾದರೆ ಸಂಕೋಚಪಡದೆ ಹೇಳಿ.”

ಮನೆಯೊಳಗೆ ದೊಡ್ಡ ಕಾಯಿಲೆಯೊಂದು ಕಾಲಿಟ್ಟಿತೆಂದರೆ ಈ ವಾಕ್ಯ ದಿನಕ್ಕೆ ನಾಲ್ಕು ಸಲವಾದರೂ ಕಿವಿಗೆ ಬೀಳುತ್ತದೆ. ಹೇಳುವವರ ಮನಸ್ಸು ನಿರ್ಮಲವಾದುದೇ; ಅದರಲ್ಲಿ ಸಂದೇಹವಿಲ್ಲ. ಆದರೆ ಏನು ಬೇಕು, ಯಾವ ದಿನ ಬೇಕು, ಎಷ್ಟು ಹೊತ್ತಿಗೆ ಬೇಕು ಎಂಬುದನ್ನು ಹೇಳಬೇಕಾದವರು ನಾವು. ಕಷ್ಟವಿರುವುದು ಅಲ್ಲಿಯೇ. ಪಕ್ಕದ ಮನೆಯಿಂದ ಕಾಫಿಪುಡಿ ಎರವಲು ತರಲು ಹಿಂಜರಿಯದ ನಾವು, “ನಾಳೆ ನಮ್ಮ ತಾಯಿಯೊಡನೆ ಆಸ್ಪತ್ರೆಗೆ ಹೋಗಿಬನ್ನಿ” ಎನ್ನಬೇಕಾದಾಗ ಮಾತು ನುಂಗಿಕೊಳ್ಳುತ್ತೇವೆ.

ನಮ್ಮ ತಾಯಿಯವರಿಗೆ ಈಗ 71 ವರ್ಷ. ಮೂವತ್ತು ವರ್ಷ ಶಾಲೆಯಲ್ಲಿ ಕನ್ನಡ ಕಲಿಸಿದವರು. ಊಟವಾದ ಮೇಲೆ ಎಲೆಯಡಿಕೆ ಹಾಕಿಕೊಳ್ಳುವುದೊಂದೇ ಅವರ ವಿಲಾಸ. ಹೊಗೆಸೊಪ್ಪನ್ನು ಎಂದೂ ಮುಟ್ಟಿದವರಲ್ಲ. ಹೊಗೆಸೊಪ್ಪಿಲ್ಲದ ಅಡಿಕೆಯೂ ಕ್ಯಾನ್ಸರಿಗೆ ಕಾರಣವಾಗಬಲ್ಲುದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿಯೇ ಪ್ರಕಟಿಸಿದೆ. ತಾಂಬೂಲವಿಲ್ಲದೆ ಶುಭಕಾರ್ಯ ನಡೆಯದ ನಾಡಿನಲ್ಲಿ ಈ ಮಾತು ಯಾರಿಗೆ ತಾನೆ ಹಿತವಾದೀತು? ಎಡಗೆನ್ನೆಯ ಒಳಗಿನ ಒಂದು ಹುಣ್ಣು ವಾಸಿಯಾಗದೆ ಉಳಿಯಿತು. ಪರೀಕ್ಷೆಯಾಯಿತು, ಶಸ್ತ್ರಚಿಕಿತ್ಸೆಯಾಯಿತು. ಅನಂತರ 30 ದಿನಗಳ ವಿಕಿರಣ ಚಿಕಿತ್ಸೆ ಆಗಬೇಕೆಂದು ವೈದ್ಯರು ಹೇಳಿದರು.

ವಾರಕ್ಕೆ ಐದು ದಿನದಂತೆ ಆರು ವಾರ. ಒಂದೇ ಸಲಕ್ಕೆ ಕೊಟ್ಟು ಮುಗಿಸಬಾರದೇ ಎಂದು ಕೇಳುವವರಿದ್ದಾರೆ. ಸಣ್ಣ ಸಣ್ಣ ಪ್ರಮಾಣದಲ್ಲಿ ಕೊಟ್ಟರೆ ನಡುವಿನ ಅವಧಿಯಲ್ಲಿ ಆರೋಗ್ಯವಂತ ಜೀವಕೋಶಗಳು ಚೇತರಿಸಿಕೊಳ್ಳುತ್ತವೆ; ರೋಗದ ಕೋಶಗಳಿಗೆ ಆ ಶಕ್ತಿ ಕಡಿಮೆ. ಮುಖಕ್ಕೆ ಅಚ್ಚಾಗಿ ಕೂರುವ ಪ್ಲಾಸ್ಟಿಕ್ ಮುಖವಾಡ ತೊಡಿಸಿ ಯಂತ್ರದ ಕೆಳಗೆ ಮಲಗಿಸುವುದು ಕೆಲವೇ ನಿಮಿಷ. ನಮ್ಮ ಮನೆ ಇರುವುದು ಮಲ್ಲೇಶ್ವರದಲ್ಲಿ, 1973ರಲ್ಲಿ ಆರಂಭವಾದ ಕಿದ್ವಾಯಿ ಆಸ್ಪತ್ರೆಯಿರುವುದು ಹೊಸೂರು ರಸ್ತೆಯಲ್ಲಿ. ಆ ಕೆಲವು ನಿಮಿಷಗಳಿಗೆ ಅರ್ಧ ದಿನ ಸಲ್ಲುತ್ತದೆ. ಶುಕ್ರವಾರಗಳಂದು ಸಿಸ್ಪ್ಲಾಟಿನ್ ಎಂಬ ಔಷಧವನ್ನು ರಕ್ತನಾಳಕ್ಕೆ ಹನಿಸುವುದರಿಂದ ಇಡೀ ದಿನವೇ ಬೇಕು. ನನಗೆ ಕಚೇರಿಯಲ್ಲಿ ಉಳಿದಿದ್ದ ರಜೆ 11 ದಿನ. ನನ್ನ ಹೆಂಡತಿಗೆ ಅದೂ ಇಲ್ಲ.

ಆಸ್ಪತ್ರೆಯ ಹಜಾರದಲ್ಲಿ ರಾಯಚೂರಿನ ಕಡೆಯ ರೈತರೊಬ್ಬರ ಪರಿಚಯವಾಯಿತು. ಅವರ ತಂದೆಗೂ ಇಂಥದೇ ಚಿಕಿತ್ಸೆ. ಊರಿನವರು ವಾರಕ್ಕೊಬ್ಬರಂತೆ ರೈಲು ಹತ್ತಿ ಬಂದು ಮುದುಕರ ಬಳಿ ಇರುತ್ತಾರಂತೆ. “ನೀವು ಕೇಳಿಕೊಂಡಿರಾ?” ಎಂದೆ. “ಕೇಳೋದೇನದರಿ ಅದರಾಗ? ಪಾಳಿ ಹಚ್ಚಿದಿವಿ” ಎಂದರು. ಹೊಲಕ್ಕೆ ನೀರು ಹಾಯಿಸಲು ಪಾಳಿ ಹಚ್ಚಿದಷ್ಟೇ ಸಹಜವಾಗಿ ಬಂದಿತ್ತು ಆ ಮಾತು. ನಮ್ಮ ಬೀದಿಯಲ್ಲಿ ಹದಿನಾಲ್ಕು ಮನೆಗಳಿವೆ. ಪಾಳಿ ಹಚ್ಚುವವರಿಲ್ಲ, ಅಷ್ಟೆ.

ಆ ರಾತ್ರಿಯೇ ಒಂದು ಕಾಗದ ಬರೆದೆ. ತಾಯಿಯವರು ಸುತರಾಂ ಒಪ್ಪಲಿಲ್ಲ. “ನಾನು ಯಾರ ಮನೆಯ ಬಾಗಿಲಲ್ಲೂ ಕೈ ಚಾಚಿದವಳಲ್ಲ. ನಾಳೆ ನಾನು ಬೀದಿಗೆ ಇಳಿದರೆ ಎಲ್ಲರೂ ನನ್ನ ಕೆನ್ನೆಯನ್ನೇ ನೋಡುತ್ತಾರೆ” ಎಂದರು. ಅವರ ಮಾತಿನಲ್ಲಿ ನ್ಯಾಯವಿತ್ತು. ಕಾಯಿಲೆ ಅವರದು, ಅದನ್ನು ಊರಿಗೆ ಹಂಚುವ ಹಕ್ಕು ಮಗನಿಗೆ ತಾನಾಗಿಯೇ ಬರುವುದಿಲ್ಲ. ಎರಡು ದಿನ ಕಾಗದ ಮೇಜಿನ ಮೇಲೆ ಬಿದ್ದಿತ್ತು. ಮೂರನೆಯ ದಿನ ನೋಡುತ್ತೇನೆ, ಅದರ ತುಂಬ ಕೆಂಪು ಮಸಿ! ‘ಮಾರಕ ವ್ಯಾಧಿ’ ಎಂದಿದ್ದುದನ್ನು ಹೊಡೆದು ‘ಕೆನ್ನೆಯ ಕ್ಯಾನ್ಸರ್’ ಎಂದು ಬರೆದಿದ್ದರು. ‘ದೀನರಾಗಿ ಪ್ರಾರ್ಥಿಸುತ್ತೇವೆ’ ಎಂಬುದು ಪೂರ್ತಿ ಹೋಗಿತ್ತು. ಕೆಳಗೆ ತಾವೇ ಸೇರಿಸಿದ್ದ ಸಾಲು: ‘ನೋಡಲು ಬರುವವರು ಹತ್ತು ನಿಮಿಷ ಮಾತ್ರ ಕೂರಬೇಕು. ನೆಗಡಿಯಿದ್ದವರು ಬರಬಾರದು.’ ಎರಡನೆಯದು ವೈದ್ಯರ ಮಾತೂ ಹೌದು. ಈ ಔಷಧದಿಂದ ರಕ್ತದ ಬಿಳಿಯ ಕಣಗಳು ಕುಗ್ಗುವುದುಂಟು, ಜ್ವರ 100.4 ಡಿಗ್ರಿ ಮುಟ್ಟಿದರೆ ಹೊತ್ತುಗೊತ್ತು ನೋಡದೆ ಆಸ್ಪತ್ರೆಗೆ ಓಡಬೇಕು.

ತಿದ್ದಿದ ಪ್ರತಿ ಕೆಲವರಿಗೆ ಕಾಗದದಲ್ಲಿಯೂ ಉಳಿದವರಿಗೆ ಮೊಬೈಲಿನಲ್ಲಿಯೂ ಹೋಯಿತು. ಹಣದ ಪ್ರಸ್ತಾಪ ಅದರಲ್ಲಿರಲಿಲ್ಲ. ಪಿಂಚಣಿ ಮತ್ತು ಉಳಿತಾಯದಿಂದ ಹೇಗೋ ಸರಿದೂಗುತ್ತಿತ್ತು. ಕೇಳಿದ್ದು 19 ದಿನಗಳ ಜೊತೆ, ಮತ್ತು ಮಧ್ಯಾಹ್ನದ ಒಂದು ಪಾತ್ರೆ ಮೆತ್ತನೆಯ ಆಹಾರ. ಗೋಡೆಯ ಕ್ಯಾಲೆಂಡರಿನ ಒಂದೊಂದು ಮನೆಯಲ್ಲಿ ಒಂದೊಂದು ಹೆಸರು ಬಿತ್ತು. ನಾಲ್ಕು ವರ್ಷಗಳಿಂದ ನಮ್ಮೊಡನೆ ಮಾತು ಬಿಟ್ಟಿದ್ದ ಹಿಂದಿನ ಮನೆಯವರು ಎರಡು ಶುಕ್ರವಾರಗಳನ್ನು ತಾವಾಗಿಯೇ ಹಿಡಿದರು. ‘ಏನಾದರೂ ಬೇಕಾದರೆ’ ಎಂದು ಪ್ರತಿದಿನ ಹೇಳುತ್ತಿದ್ದ ಒಬ್ಬರು ಮಾತ್ರ ಪ್ರವಾಸ ಹೊರಟುಹೋದರು. ಇರಲಿ.

ಮೂರನೆಯ ವಾರ ಬಾಯೆಲ್ಲ ಹುಣ್ಣಾಯಿತು. ಹುಳಿ, ಖಾರ, ಬಿಸಿ ಯಾವುದೂ ಸೇರದು. ನಾಲಿಗೆಗೆ ರುಚಿಯೇ ಇಲ್ಲ. ಮಹಡಿಯ ಮನೆಯಾಕೆ ನಾಲ್ಕು ದಿನ ನಾಲ್ಕು ಬಗೆಯಲ್ಲಿ ರಾಗಿ ಗಂಜಿ ಮಾಡಿ ನೋಡಿ, ಐದನೆಯ ದಿನ ಗಂಟಲಲ್ಲಿ ಇಳಿಯುವ ಹದ ಕಂಡುಹಿಡಿದರು. ಗಂಜಿಯ ಜೊತೆಗೆ ಸಲಹೆಗಳೂ ಬಂದವು: ಯಾವುದೋ ಎಲೆಯ ಕಷಾಯ, ಯಾವುದೋ ಬೆಟ್ಟದ ಬೇರು. ಅವುಗಳನ್ನೆಲ್ಲ ಪುಸ್ತಕದಲ್ಲಿ ಬರೆದುಕೊಂಡು, ವೈದ್ಯರನ್ನು ಕೇಳುತ್ತೇನೆಂದು ಹೇಳಿ ಕಳಿಸುತ್ತೇನೆ. ಬರೆದುಕೊಂಡರೆ ಅವರಿಗೆ ಸಮಾಧಾನ. ವೈದ್ಯರು ಬೇಡವೆಂದರೆ ನನಗೆ ನಿಷ್ಠುರವಿಲ್ಲ.

ತಾಯಿಯವರಿಗೆ ಈಗ ಮಾತು ನೋವು. ಆಸ್ಪತ್ರೆಯಿಂದ ಬಂದೊಡನೆ ಕ್ಯಾಲೆಂಡರಿನ ಬಳಿ ಹೋಗಿ, ಅಂದು ಜೊತೆಗೆ ಬಂದವರ ಹೆಸರಿನ ಮುಂದೆ ಕೆಂಪು ಮಸಿಯಲ್ಲಿ ‘ಹಾಜರು’ ಎಂದು ಬರೆಯುತ್ತಾರೆ. ತಡವಾಗಿ ಬಂದವರಿಗೆ ಅದನ್ನೂ ನಮೂದಿಸುತ್ತಾರೆ.

ಇಂದು ಮಂಗಳವಾರಕ್ಕೆ 22 ದಿನಗಳು ಮುಗಿದಿವೆ. ಉಳಿದ ಎಂಟರಲ್ಲಿ ಏಳಕ್ಕೆ ಹೆಸರುಗಳಿವೆ. ಬರುವ ವಾರದ ಬುಧವಾರದ ಮನೆ ಖಾಲಿಯಿದೆ. ಸಂಜೆ ಎದುರುಮನೆಗೆ ಹೋಗಿ ಕೇಳಬೇಕು.